ಪ್ರೋಗ್ರೆಸಿವ್ ಕನ್ನಡಕ ಹಾಕಿ ಘಾಟಿ ಹತ್ತುವವರಿಗೆ

ಅರೇಬಿಕಾ ಕೊಯ್ಲು ಇನ್ನೇನು ಆರಂಭವಾಗಲಿದೆ. ಅದರ ಬೆನ್ನಿಗೇ ರೊಬಸ್ಟಾ ಬರುತ್ತದೆ. ಅಡಿಕೆಗೊನೆ ಇಳಿಸುವ ಕೆಲಸವಂತೂ ಆಗಲೇ ನಡೆದಿದೆ. ಮೈಸೂರಿನಲ್ಲಿ ಮನೆ, ಮೇಲೆ ತೋಟ ಎಂದು ಎರಡು ಕಡೆ ಸಂಸಾರ ಹೂಡಿರುವ ನಮ್ಮ ಸದಸ್ಯರು ಈ ನಾಲ್ಕೈದು ತಿಂಗಳು ವಾರಕ್ಕೆ ಎರಡು ಸಲವಾದರೂ ಹುಣಸೂರು ರಸ್ತೆ ಹಿಡಿಯಬೇಕಾಗುತ್ತದೆ. ಸಂಘದ ಸದಸ್ಯರಲ್ಲಿ ಹೆಚ್ಚಿನವರು ಐವತ್ತು ದಾಟಿದವರು. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇದ್ದಾರೆ. ಸ್ಟಿಯರಿಂಗ್ ಹಿಡಿಯುವವರು ನಾವೇ. ಐವತ್ತು ದಾಟಿತೆಂದ ಮೇಲೆ ಮೂಗಿನ ಮೇಲೆ ಕನ್ನಡಕ ಬಂದೇ ಬರುತ್ತದೆ. ಆ ಕನ್ನಡಕ ಎಂಥದು ಎಂಬುದು ಇದುವರೆಗೆ ಅವರವರ ಮನೆಯ ವಿಷಯವಾಗಿತ್ತು. ಅದು ಸಂಘದ ವಿಷಯವೂ ಹೌದೆಂಬುದು ನಮ್ಮ ಅಭಿಪ್ರಾಯ.

ಈ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಕಳೆದ ವರ್ಷ ನಮ್ಮ ಸದಸ್ಯರೊಬ್ಬರು, ಐವತ್ತೆಂಟು ವರ್ಷದವರು, ಮೂವತ್ತು ವರ್ಷದಿಂದ ಜೀಪು ಓಡಿಸಿದ ಕೈ, ಹೊಸ ಪ್ರೋಗ್ರೆಸಿವ್ ಕನ್ನಡಕವನ್ನು ಮೈಸೂರಿನ ಅಂಗಡಿಯಿಂದ ತೆಗೆದುಕೊಂಡು ಅದೇ ಸಂಜೆ ತೋಟಕ್ಕೆ ಹೊರಟರು. ಕುಶಾಲನಗರ ದಾಟಿ ಆನೆಕಾಡಿನ ತಿರುವುಗಳಲ್ಲಿ ರಸ್ತೆಯ ಅಂಚು ನೀರಿನೊಳಗಿಂದ ನೋಡಿದಂತೆ ಅಲುಗತೊಡಗಿತು. ಮೋರಿಯ ಕಟ್ಟೆ ಇದ್ದಲ್ಲಿ ಇಲ್ಲವೆಂದು ತೋರಿತು. ಮಡ್‌ಗಾರ್ಡ್ ಜಜ್ಜಿಹೋದದ್ದಷ್ಟೇ ನಷ್ಟ. ಎದುರಿಗೆ ಬಸ್ಸು ಬಂದಿದ್ದರೆ ಈ ಪುಟದಲ್ಲಿ ಬೇರೊಂದು ಬರಹ ಇರುತ್ತಿತ್ತು.

ಆ ಸುದ್ದಿ ಹಬ್ಬಿದ ಮೇಲೆ ಸದಸ್ಯರಲ್ಲಿ ಎರಡು ಪಂಗಡವಾಯಿತು. ಪ್ರೋಗ್ರೆಸಿವ್ ಹಾಕಿಕೊಂಡು ಗಾಡಿ ಓಡಿಸಲೇಬಾರದು, ಸಂಘದ ಪಿಕಪ್ ಚಾಲಕರಿಗಂತೂ ಅದನ್ನು ನಿಷೇಧಿಸಬೇಕು ಎಂದು ಒಂದು ಕಡೆಯವರು. ಹತ್ತು ವರ್ಷದಿಂದ ಅದನ್ನೇ ಹಾಕಿಕೊಂಡು ಸಂಪಾಜೆ ಘಾಟಿ ಇಳಿದಿದ್ದೇವೆ, ಏನೂ ಆಗಿಲ್ಲ, ಕೈಲಾಗದವನು ಕನ್ನಡಕ ದೂರಿದ ಎಂದು ಇನ್ನೊಂದು ಕಡೆಯವರು. ನಮಗೆ ಇಬ್ಬರ ಮಾತೂ ಪೂರ್ತಿ ಒಪ್ಪಿಗೆಯಿಲ್ಲ. ಏಕೆಂದು ಹೇಳಬೇಕಾದರೆ ಆ ಗಾಜಿನೊಳಗೆ ಏನಿದೆ ಎಂಬುದನ್ನು ಮೊದಲು ತಿಳಿಯಬೇಕು.

ನಲವತ್ತರ ಆಸುಪಾಸಿನಲ್ಲಿ ಕಣ್ಣಿನೊಳಗಿನ ಮಸೂರ ಗಡುಸಾಗುತ್ತ ಬರುತ್ತದೆ. ಹತ್ತಿರದ ಅಕ್ಷರ ಕಾಣಲು ಅದು ಉಬ್ಬಬೇಕು, ಉಬ್ಬಲಾರದು. ಇದನ್ನೇ ನಮ್ಮ ಹಿರಿಯರು ಚಾಳೀಸು ಎಂದು ಕರೆದರು. ಚಾಳೀಸ್ ಎಂದರೆ ನಲವತ್ತು, ಹೆಸರಿನಲ್ಲೇ ವಯಸ್ಸು ಇದೆ. ದೂರಕ್ಕೂ ನಂಬರು ಇದ್ದವರಿಗೆ ಎರಡು ಕನ್ನಡಕ ಬೇಕಾಯಿತು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಎರಡು ಗಾಜುಗಳನ್ನು ಅರ್ಧರ್ಧ ಕತ್ತರಿಸಿ ಒಂದೇ ಚೌಕಟ್ಟಿಗೆ ಕೂಡಿಸಿಕೊಂಡದ್ದನ್ನು 1785ರ ಒಂದು ಪತ್ರದಲ್ಲಿ ಬರೆದಿದ್ದಾನೆ. ಅದೇ ಬೈಫೋಕಲ್. ನಮ್ಮ ತಂದೆಯವರ ಕಾಲದ ಪ್ಲಾಂಟರುಗಳೆಲ್ಲ ಗೆರೆ ಕಾಣುವ ಆ ಕನ್ನಡಕದಲ್ಲೇ ಲೆಕ್ಕದ ಪುಸ್ತಕ ನೋಡಿದವರು, ಅದರಲ್ಲೇ ವಿಲ್ಲೀಸ್ ಜೀಪು ಓಡಿಸಿದವರು. ಗೆರೆಯಿಲ್ಲದ, ಮೇಲಿನಿಂದ ಕೆಳಕ್ಕೆ ನಂಬರು ಮೆಲ್ಲಮೆಲ್ಲನೆ ಏರುತ್ತ ಹೋಗುವ ಗಾಜನ್ನು ಫ್ರಾನ್ಸಿನ ಇಂಜಿನಿಯರ್ ಬರ್ನಾರ್ಡ್ ಮೈಟೆನಾಜ್ ರೂಪಿಸಿದರು. ಅದು 1959ರಲ್ಲಿ ವ್ಯಾರಿಲಕ್ಸ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಈಗ ನಮ್ಮ ದೇವರಾಜ ಅರಸು ರಸ್ತೆಯಲ್ಲಿ ಕನ್ನಡಕದ ಅಂಗಡಿಗೆ ಹೊಕ್ಕರೆ ನಲವತ್ತೈದರ ಗಿರಾಕಿಗೆ ಮೊದಲು ತೋರಿಸುವುದೇ ಅದನ್ನು.

ಒಂದೇ ಗಾಜಿನಲ್ಲಿ ದೂರ, ನಡು, ಹತ್ತಿರ ಮೂರನ್ನೂ ಕೊಡಬೇಕಾದರೆ ಎಲ್ಲಿಯಾದರೂ ನಷ್ಟ ಆಗಲೇಬೇಕು. ಆ ನಷ್ಟ ಆಗುವುದು ಗಾಜಿನ ಎರಡು ಪಕ್ಕಗಳಲ್ಲಿ, ವಿಶೇಷವಾಗಿ ಕೆಳಗಿನ ಪಕ್ಕಗಳಲ್ಲಿ. ಮೇಲಿನ ಭಾಗ ದೂರಕ್ಕೆ, ಅಗಲವಾಗಿದೆ. ಕೆಳತುದಿ ಓದುವುದಕ್ಕೆ, ಚಿಕ್ಕದು. ಇವೆರಡನ್ನು ಸೇರಿಸುವ ನಡುವಿನ ಭಾಗ ಅಡಿಕೆ ತೋಟದ ಕಾಲುದಾರಿಯಷ್ಟು ಇಕ್ಕಟ್ಟು; ಆಚೀಚೆ ಹೆಜ್ಜೆ ತಪ್ಪಿದರೆ ಬಸಿಗಾಲುವೆ. ಆ ಪಕ್ಕಗಳಲ್ಲಿ, ಕಣ್ಣಿನ ಚೀಟಿಯಲ್ಲಿ ಸಿಲಿಂಡರ್ ಎಂದು ಬರೆಯುತ್ತಾರಲ್ಲ, ಆ ಬಗೆಯ ಮಸಕು ತುಂಬಿಕೊಂಡಿರುತ್ತದೆ. 1963ರಲ್ಲಿ ಜರ್ಮನಿಯ ಮಿಂಕ್‌ವಿಟ್ಸ್ ಎಂಬುವರು ಇದನ್ನು ಗಣಿತದಿಂದಲೇ ತೋರಿಸಿದರು: ನಡುದಾರಿಯಲ್ಲಿ ನಂಬರು ಎಷ್ಟು ಬೇಗ ಏರುತ್ತದೋ ಅದರ ಎರಡರಷ್ಟು ಬೇಗ ಪಕ್ಕದಲ್ಲಿ ಮಸಕು ಏರುತ್ತದೆ. ಹೊಸ ಹೊಸ ವಿನ್ಯಾಸಗಳು ಆ ಮಸಕನ್ನು ಅತ್ತಿತ್ತ ಸರಿಸಿ ಹರಡಬಲ್ಲವು, ತೆಗೆದುಹಾಕಲಾರವು. ಎಷ್ಟು ಹಣ ಕೊಟ್ಟರೂ ಈ ಲೆಕ್ಕ ಬದಲಾಗದು.

ಇದರಿಂದ ಎರಡು ವಿಷಯ ತಾವಾಗಿಯೇ ತಿಳಿಯುತ್ತವೆ. ವಯಸ್ಸು ಏರಿದಂತೆ ಓದುವ ನಂಬರು ಏರುತ್ತದೆ, ಅದರೊಂದಿಗೆ ಪಕ್ಕದ ಮಸಕೂ ಏರುತ್ತದೆ. ಆದ್ದರಿಂದ ನಲವತ್ತೈದಕ್ಕೆ ಶುರುಮಾಡಿದವರು ಸುಲಭವಾಗಿ ಹೊಂದಿಕೊಂಡರೆ, ಅರವತ್ತಕ್ಕೆ ಮೊದಲ ಸಲ ಹಾಕಿಕೊಂಡವರು ಒದ್ದಾಡುತ್ತಾರೆ. ಹತ್ತು ವರ್ಷದಿಂದ ಏನೂ ಆಗಿಲ್ಲ ಎನ್ನುವವರು ಇದನ್ನು ಗಮನಿಸಬೇಕು. ಅವರ ಅನುಭವ ಹೊಸಬರಿಗೆ ಪ್ರಮಾಣವಲ್ಲ. ಎರಡನೆಯದು, ಚಿಕ್ಕ ಫ್ರೇಮಿನಲ್ಲಿ ನಡುದಾರಿಯನ್ನು ಗಿಡ್ಡ ಮಾಡಬೇಕಾಗುತ್ತದೆ, ಗಿಡ್ಡ ಮಾಡಿದಷ್ಟೂ ಮಸಕು ಜಾಸ್ತಿ. ಚಂದಕ್ಕೆಂದು ಸಣ್ಣ ಫ್ರೇಮು ಆರಿಸುವ ಸದಸ್ಯರು ಈ ಮಾತನ್ನು ಮನೆಯವರಿಗೂ ಓದಿ ಹೇಳಬಹುದು.

ಈಗ ರಸ್ತೆಗೆ ಬರೋಣ. ಮಂಡ್ಯದ ಕಡೆಯ ಹೊಸ ಹೆದ್ದಾರಿಯಂಥ ನೇರ ದಾರಿಯಲ್ಲಿ ಪ್ರೋಗ್ರೆಸಿವ್ ಕನ್ನಡಕದಿಂದ ಅಂಥ ತೊಂದರೆಯಿಲ್ಲ. ನೋಟ ಗಾಜಿನ ಒಳ್ಳೆಯ ಭಾಗದಲ್ಲೇ ಇರುತ್ತದೆ. ನಮ್ಮ ದಾರಿ ಅಂಥದಲ್ಲ. ಇಲವಾಲ, ಬಿಳಿಕೆರೆ, ಹುಣಸೂರು, ಪಿರಿಯಾಪಟ್ಟಣದವರೆಗೆ ಊರುಗಳು, ಹಂಪುಗಳು, ಹಿಂದೀಪವಿಲ್ಲದ ಟ್ರ್ಯಾಕ್ಟರುಗಳು, ಸುಗ್ಗಿಯಲ್ಲಿ ರಸ್ತೆಯ ಮೇಲೇ ಹರವಿದ ಹುರುಳಿ. ಕುಶಾಲನಗರದಿಂದ ಮೇಲೆ ತಿರುವುಗಳು. ತಿರುವಿನಲ್ಲಿ ನಮ್ಮ ಕಣ್ಣು ಗಾಡಿಗಿಂತ ಮೊದಲೇ ತಿರುಗುತ್ತದೆ, ತಲೆ ಆಮೇಲೆ ತಿರುಗುತ್ತದೆ. ಇದು ಜೀವಮಾನದ ಅಭ್ಯಾಸ. ಪ್ರೋಗ್ರೆಸಿವ್ ಕನ್ನಡಕದಲ್ಲಿ ಹಾಗೆ ಕಣ್ಣು ಮಾತ್ರ ಹೊರಳಿಸಿದರೆ ನೋಟ ಹೋಗಿ ಬೀಳುವುದು ಆ ಮಸಕಿನೊಳಗೆ. ಪಕ್ಕದ ಕನ್ನಡಿ ನೋಡುವಾಗಲೂ ಅಷ್ಟೇ. ಅದು ಇರುವುದೇ ಪಕ್ಕದಲ್ಲಿ, ಸ್ವಲ್ಪ ಕೆಳಗೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಕಂಡದ್ದು ಮಸಕಾಗಿದೆಯೆಂದು ಅರಿತು ತಲೆ ತಿರುಗಿಸಿ ಮತ್ತೆ ನೋಡುವಷ್ಟರಲ್ಲಿ ಆ 17 ಮೀಟರ್ ಕಳೆದಿರುತ್ತದೆ.

ಹಾಗಾಗಿ ಕಣ್ಣಲ್ಲ, ಮೂಗು ತಿರುಗಬೇಕು. ನೋಡಬೇಕಾದ ಕಡೆಗೆ ಮೂಗನ್ನೇ ತಿರುಗಿಸುವುದು ಅಭ್ಯಾಸವಾದರೆ ಅರ್ಧ ತೊಂದರೆ ಕಡಿಮೆಯಾಗುತ್ತದೆ. ಆದರೆ ಅಭ್ಯಾಸ ಆಗುವುದಕ್ಕೆ ಕೆಲವು ದಿನ, ಕೆಲವರಿಗೆ ಎರಡು ಮೂರು ವಾರ ಹಿಡಿಯುತ್ತದೆ. ಆ ದಿನಗಳನ್ನು ಮನೆಯಲ್ಲಿ, ಜಗುಲಿಯಲ್ಲಿ, ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆದಾಡಿ ಕಳೆಯಬೇಕೇ ಹೊರತು ಆನೆಕಾಡಿನಲ್ಲಿ ಅಲ್ಲ.

ಸ್ಕೂಟರು, ಬೈಕಿನವರಿಗೆ ಇನ್ನೊಂದು ಕಷ್ಟವಿದೆ. ಗುಂಡಿ ತಪ್ಪಿಸಲು ಅವರು ಚಕ್ರದ ಮುಂದಿನ ನೆಲವನ್ನು ನೋಡುತ್ತಿರುತ್ತಾರೆ. ತಲೆ ಬಗ್ಗಿಸದೆ ಕಣ್ಣು ಮಾತ್ರ ಕೆಳಗೆ ಮಾಡಿದರೆ ಹತ್ತಿರದ ನಂಬರಿನ ಮೂಲಕ ನೋಡಿದಂತಾಗಿ ಗುಂಡಿಯ ಆಳ ತಿಳಿಯುವುದಿಲ್ಲ. ತೋಟದೊಳಗೆ ನಡೆಯುವಾಗಲೂ ಇದೇ ತೊಂದರೆ. ಕಾಫಿ ಇಳಿಜಾರಿನ ಮೆಟ್ಟಿಲು, ಕಾಲುವೆ ದಾಟುವ ಅಡಿಕೆ ಮರದ ಸಂಕ, ಇವೆಲ್ಲ ಕಾಣುವುದು ಗಾಜಿನ ಕೆಳತುದಿಯಿಂದ. ಈ ಬಗ್ಗೆ ಸಿಡ್ನಿಯಲ್ಲಿ 606 ಮಂದಿ ಹಿರಿಯರ ಮೇಲೆ ನಡೆಸಿದ ಪರೀಕ್ಷೆಯೊಂದು 2010ರಲ್ಲಿ ಪ್ರಕಟವಾಗಿದೆ. ಅವರೆಲ್ಲ ಬೈಫೋಕಲ್ ಅಥವಾ ಪ್ರೋಗ್ರೆಸಿವ್ ಹಾಕುತ್ತಿದ್ದವರು. ಅರ್ಧ ಮಂದಿಗೆ ಹೊರಗೆ ಓಡಾಡಲೆಂದು ದೂರದ ನಂಬರು ಮಾತ್ರ ಇರುವ ಸಾದಾ ಕನ್ನಡಕ ಕೊಟ್ಟರು. ಹೊರಗೆ ಹೆಚ್ಚು ಓಡಾಡುವವರಲ್ಲಿ ಬೀಳುವುದು ಸುಮಾರು ಶೇಕಡಾ 40ರಷ್ಟು ಕಡಿಮೆಯಾಯಿತು. ಮನೆಯಲ್ಲೇ ಹೆಚ್ಚು ಇರುವವರಲ್ಲಿ ಮಾತ್ರ ಫಲ ತಿರುವುಮುರುವಾಗಿ, ಹೊರಗೆ ಬೀಳುವುದು ಹೆಚ್ಚಾಯಿತು. ಅಂಥವರಿಗೆ ಕನ್ನಡಕ ಬದಲಾಯಿಸುವುದೇ ಸಲ್ಲದು. ತೋಟದವರಾದ ನಾವು ಯಾವ ಗುಂಪಿಗೆ ಸೇರಿದವರು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಿಷೇಧ ಬೇಕೆನ್ನುವವರಿಗೂ ಒಂದು ಮಾತು. ಕ್ವೀನ್ಸ್‌ಲ್ಯಾಂಡಿನ ಸಂಶೋಧಕರು ಚಾಳೀಸು ಬಂದ ಚಾಲಕರಿಂದ ರಾತ್ರಿ ಹೊತ್ತು, ಬೇರೆ ವಾಹನಗಳಿಲ್ಲದ ರಸ್ತೆಯಲ್ಲಿ ಗಾಡಿ ಓಡಿಸಿ ನೋಡಿ, 2010ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹೆಚ್ಚು ತೊಂದರೆ ಕಂಡದ್ದು ಮಲ್ಟಿಫೋಕಲ್ ಕಾಂಟ್ಯಾಕ್ಟ್ ಲೆನ್ಸ್ ಹಾಕಿದಾಗ, ಪ್ರೋಗ್ರೆಸಿವ್ ಕನ್ನಡಕದಲ್ಲಿ ಅಲ್ಲ. ಚೆನ್ನಾಗಿ ಅಳತೆ ಮಾಡಿಸಿದ, ಚೆನ್ನಾಗಿ ರೂಢಿಯಾದ ಪ್ರೋಗ್ರೆಸಿವ್ ಕನ್ನಡಕವನ್ನು ಅಪಾಯದ ವಸ್ತು ಎಂದು ಯಾರೂ ಹೇಳಲಾರರು. ಸ್ಪೀಡೋಮೀಟರೂ ಕಾಣಬೇಕು, ದೂರದ ಬೋರ್ಡೂ ಕಾಣಬೇಕು ಎನ್ನುವವರಿಗೆ ಅದರಿಂದ ಅನುಕೂಲವೇ ಇದೆ.

ಆದರೆ ಚೆನ್ನಾಗಿ ಅಳತೆ ಮಾಡಿಸಿದ್ದು ಎಷ್ಟು ಜನರ ಮೂಗಿನ ಮೇಲಿದೆ? ಕಣ್ಣಿನ ಪಾಪೆ ಫ್ರೇಮಿನಲ್ಲಿ ಎಷ್ಟು ಎತ್ತರಕ್ಕೆ ಬರುತ್ತದೆ ಎಂದು ಪ್ರತಿ ಕಣ್ಣಿಗೂ ಬೇರೆ ಬೇರೆ ಗುರುತು ಮಾಡಬೇಕು, ಅದೂ ಆರಿಸಿದ ಫ್ರೇಮನ್ನೇ ಹಾಕಿಸಿ, ಗಿರಾಕಿಯನ್ನು ನೇರ ನಿಲ್ಲಿಸಿ ಅಥವಾ ಕೂರಿಸಿ. ಎರಡು ಪಾಪೆಗಳ ನಡುವಿನ ದೂರವನ್ನೂ ಹಾಗೆಯೇ ಅಳೆಯಬೇಕು. ಗುರುತು ಎರಡು ಮೂರು ಮಿಲಿಮೀಟರ್ ಮೇಲಾದರೆ ಸಾಕು, ನೇರ ನೋಡಿದಾಗಲೇ ನಡುವಿನ ನಂಬರು ಅಡ್ಡ ಬಂದು ರಸ್ತೆ ಮಂಜಾಗುತ್ತದೆ. ಗದ್ದ ತಗ್ಗಿಸಿದರೆ ಸರಿಯಾಗಿ ಕಾಣುತ್ತದೆ. ಗದ್ದ ತಗ್ಗಿಸಿ ಗಾಡಿ ಓಡಿಸುತ್ತಿರುವ ಸದಸ್ಯರನ್ನು ನಾವು ಎಷ್ಟೋ ಮಂದಿಯನ್ನು ನೋಡಿದ್ದೇವೆ. ಕುತ್ತಿಗೆ ನೋವೆಂದು ಎಣ್ಣೆ ತಿಕ್ಕಿಸಿಕೊಳ್ಳುವವರೂ ಅವರೇ. ನಮಗೆ ಒಂದು ಅಂಗಡಿಯಲ್ಲಿ ಕನ್ನಡಕ ಕೊಟ್ಟಾಗ ಎತ್ತರದ ಅಳತೆಯನ್ನೇ ತೆಗೆಯಲಿಲ್ಲ. ಕೇಳಿದ್ದಕ್ಕೆ, ಎರಡು ದಿನ ಹಾಕಿಕೊಳ್ಳಿ ಸಾರ್, ಸರಿಹೋಗುತ್ತದೆ ಎಂದರು. ಎರಡು ತಿಂಗಳಾದರೂ ಹೋಗಲಿಲ್ಲ. ಕಣ್ಣಿನ ವೈದ್ಯರು ಗಾಜಿನ ಮೇಲೆ ಗುರುತು ಹಾಕಿ ನೋಡಿ, ಮೂರು ಮಿಲಿಮೀಟರ್ ಮೇಲಿದೆ ಎಂದರು. ಅಂಗಡಿಯ ಹೆಸರು ಇಲ್ಲಿ ಬೇಡ, ಅಂಥವು ಒಂದೇ ಇಲ್ಲ. ಮೊಬೈಲಿನಲ್ಲಿ ಮುಖದ ಚಿತ್ರ ಕಳಿಸಿ ಅಗ್ಗಕ್ಕೆ ತರಿಸಿಕೊಳ್ಳುವವರು ಈ ಎತ್ತರದ ಅಳತೆಯನ್ನು ಯಾರು ತೆಗೆದರು ಎಂದು ತಮ್ಮನ್ನೇ ಕೇಳಿಕೊಳ್ಳಲಿ.

ಮಕ್ಕಳು ಬೆಂಗಳೂರಿನಿಂದ ತಂದುಕೊಡುವ ಕಂಪ್ಯೂಟರ್ ಕನ್ನಡಕ, ಆಫೀಸ್ ಲೆನ್ಸ್ ಎಂಬುದರ ಬಗ್ಗೆಯೂ ಎಚ್ಚರ ಬೇಕು. ಅದೂ ನೋಡಲು ಪ್ರೋಗ್ರೆಸಿವ್ ತರಹವೇ ಇರುತ್ತದೆ. ಅದು ಮೇಜು, ಕೋಣೆಯ ಅಳತೆಗೆ ಮಾಡಿದ್ದು, ರಸ್ತೆಯ ದೂರಕ್ಕೆ ಸರಿಯಾದ ನಂಬರು ಅದರಲ್ಲಿ ಇಲ್ಲ. ಅದನ್ನು ಹಾಕಿಕೊಂಡು ಗಾಡಿ ಮುಟ್ಟಕೂಡದು.

ಸರ್ಕಾರದ ನಿಯಮ ಇದನ್ನೆಲ್ಲ ನೋಡಿಕೊಳ್ಳುವುದಿಲ್ಲವೇ ಎಂದು ಕೇಳಬಹುದು. ಲೈಸೆನ್ಸಿಗೆ ಅರ್ಜಿ ಹಾಕುವಾಗ, ಹಗಲು ಬೆಳಕಿನಲ್ಲಿ 25 ಮೀಟರ್ ದೂರದಿಂದ ಕಾರಿನ ನಂಬರ್ ಪ್ಲೇಟು, ಕನ್ನಡಕ ಇದ್ದರೆ ಕನ್ನಡಕದೊಂದಿಗೆ, ಕಾಣುತ್ತದೆಯೇ ಎಂದು ಕೇಳುತ್ತಾರೆ. ನಲವತ್ತು ದಾಟಿದವರು ವೈದ್ಯರಿಂದ 1-ಎ ನಮೂನೆಯ ಪ್ರಮಾಣಪತ್ರ ತರಬೇಕು. ಇರುಳುಗುರುಡು, ಕೆಂಪು-ಹಸಿರಿನ ಭೇದ ಅದರಲ್ಲಿ ಬರುತ್ತದೆ. ಐವತ್ತೈದು ದಾಟಿದ ಮೇಲೆ ಲೈಸೆನ್ಸು ಐದೈದು ವರ್ಷಕ್ಕೆ ಮಾತ್ರ. ಇವೆಲ್ಲ ಸರಿಯೇ. ಆದರೆ ನೇರ ನಿಂತು ಹಗಲಿನಲ್ಲಿ 25 ಮೀಟರ್ ಆಚೆ ನೋಡುವುದರಲ್ಲಿ ಪ್ರೋಗ್ರೆಸಿವ್ ಕನ್ನಡಕ ಎಂದೂ ಸೋಲುವುದಿಲ್ಲ, ಅದರ ಒಳ್ಳೆಯ ಜಾಗವೇ ಅದು. ಅದು ಸೋಲುವ ಜಾಗವನ್ನು ಈ ಪರೀಕ್ಷೆ ಮುಟ್ಟುವುದೇ ಇಲ್ಲ.

ರಾತ್ರಿಯ ವಿಷಯ ಬೇರೆ. ಕತ್ತಲೆಯಲ್ಲಿ ಪಾಪೆ ಅಗಲವಾಗಿ ಗಾಜಿನ ದೋಷಗಳೆಲ್ಲ ಹೆಚ್ಚಾಗಿ ಕಾಣುತ್ತವೆ. ಎದುರು ಗಾಡಿಯವರು ಹೈಬೀಮ್ ಇಳಿಸುವ ಮರ್ಯಾದೆಯನ್ನು ಮರೆತಿದ್ದಾರೆ. ಬೆಳಕು ಒಡೆದು ಚದುರಿದಂತೆ ಕಂಡರೆ ಕನ್ನಡಕವನ್ನೇ ದೂರಬೇಡಿ, ಪೊರೆ ಶುರುವಾಗಿರಬಹುದು, ಪರೀಕ್ಷೆ ಮಾಡಿಸಿ. ರಾತ್ರಿ ಚಾಲನೆಗೆಂದು ಮಾರುವ ಹಳದಿ ಕನ್ನಡಕ ವ್ಯರ್ಥ. 2019ರಲ್ಲಿ ಅಮೆರಿಕದಲ್ಲಿ ನಡೆದ ಅಧ್ಯಯನದಲ್ಲಿ ಅದರಿಂದ ರಸ್ತೆಯಲ್ಲಿನ ಪಾದಚಾರಿ ಹೆಚ್ಚು ಬೇಗ ಕಂಡದ್ದೇನೂ ಇಲ್ಲ. ಬಿಸಿಲಿಗೆ ಕಪ್ಪಾಗುವ ಗಾಜು ಕಾರಿನೊಳಗೆ ಸಾಮಾನ್ಯವಾಗಿ ಅಷ್ಟು ಕಪ್ಪಾಗದು, ಮುಂದಿನ ಗಾಜೇ ಆ ಕಿರಣವನ್ನು ತಡೆಯುತ್ತದೆ. ಬೈಕಿನಲ್ಲಿ ಮಾತ್ರ ಚೆನ್ನಾಗಿ ಕಪ್ಪಾಗುತ್ತದೆ, ಮರದ ನೆರಳಿಗೆ ಹೊಕ್ಕಾಗ ತಿಳಿಯಾಗಲು ನಿಮಿಷಗಳೇ ಬೇಕು.

ನಮ್ಮ ಅಭಿಪ್ರಾಯ ಇಷ್ಟು. ಘಾಟಿ ರಸ್ತೆಗೆ, ರಾತ್ರಿಗೆ, ಕಣದಲ್ಲಿ ಗಾಡಿ ಹಿಂದಕ್ಕೆ ತೆಗೆಯುವುದಕ್ಕೆ, ದೂರದ ನಂಬರು ಮಾತ್ರ ಇರುವ ಸಾದಾ ಕನ್ನಡಕವೇ ಮೊದಲು. ಕಣದ ಮಾತನ್ನು ಬೇಕೆಂದೇ ಸೇರಿಸಿದ್ದೇವೆ. ಕೊಯ್ಲಿನ ಸಂಜೆ ಕಾಫಿ ಅಳೆಯುವ ಹೊತ್ತಿನಲ್ಲಿ ಆಳುಗಳ ಮಕ್ಕಳು ಗಾಡಿಯ ಹಿಂದೆಯೇ ಆಡುತ್ತಿರುತ್ತಾರೆ. ಹೆಗಲ ಮೇಲಿಂದ ಹಿಂದಿರುಗಿ ನೋಡುವ ನೋಟ ಬೀಳುವುದು ಗಾಜಿನ ತೀರಾ ಅಂಚಿನಲ್ಲಿ. ಒಂದು ಒಳ್ಳೆಯ ಪ್ರೋಗ್ರೆಸಿವ್ ಜೋಡಿಯ ಬೆಲೆಯಲ್ಲಿ ದೂರದ್ದೂ ಓದುವುದೂ ಎರಡೂ ಬಂದು ಹಣ ಉಳಿಯುತ್ತದೆ. ಪ್ರೋಗ್ರೆಸಿವ್ ಬೇಕೆನ್ನುವವರು ಅದನ್ನು ಬ್ಯಾಂಕಿಗೆ, ಸಭೆಗೆ, ಮದುವೆಮನೆಗೆ ಹಾಕಿಕೊಳ್ಳಲಿ. ಸಾದಾ ಜೋಡಿ ಜೀಪಿನ ಡ್ಯಾಶ್ ಪೆಟ್ಟಿಗೆಯಲ್ಲಿ ಇರಲಿ. ದೂರಕ್ಕೆ ನಂಬರೇ ಇಲ್ಲದವರಿಗೆ ಚಾಲನೆಗೆ ಕನ್ನಡಕವೇ ಬೇಡ. ಸಾದಾ ಕನ್ನಡಕದಲ್ಲಿ ಮೀಟರು ಮಸಕಾಗುತ್ತದೆ ಎಂಬ ಆಕ್ಷೇಪಣೆ ನಿಜ. ಆದರೆ ಮುಳ್ಳು ಎಲ್ಲಿದೆ ಎಂದು ತಿಳಿಯುವಷ್ಟು ಅನೇಕರಿಗೆ ಕಾಣುತ್ತದೆ. ಅಷ್ಟೂ ಕಾಣದವರು ಗೆರೆ ಕೆಳಗಿರುವ ಬೈಫೋಕಲ್ ಮಾಡಿಸಬಹುದು, ಅಥವಾ ಅಳತೆ ಸರಿಯಿರುವ ಪ್ರೋಗ್ರೆಸಿವ್ ಇಟ್ಟುಕೊಂಡು ಮೂಗು ತಿರುಗಿಸುವುದನ್ನು ಕಲಿಯಬಹುದು.

ಸದಸ್ಯರಿಗಿಂತ ನಮಗೆ ಹೆಚ್ಚು ಚಿಂತೆ ಇರುವುದು ಚಾಲಕರ ಬಗ್ಗೆ. ತೋಟದ ಜೀಪು, ಟ್ರ್ಯಾಕ್ಟರು, ಪಿಕಪ್ ಓಡಿಸುವವರು ನಲವತ್ತೈದು, ಐವತ್ತರವರಿದ್ದಾರೆ. ಕಣ್ಣು ಮಂಜಾಗಿದೆ ಎಂದರೆ ಕೆಲಸ ಹೋದೀತೆಂದು ಅವರು ಬಾಯಿ ಬಿಡುವುದಿಲ್ಲ. ಮೂಗಿನ ಮೇಲೆ ಏನೂ ಇಲ್ಲದವರು ಕೆಲವರು, ಧಣಿ ಬಿಟ್ಟ ಹಳೆ ಕನ್ನಡಕ ಹಾಕಿಕೊಂಡವರು ಕೆಲವರು. ಡಾ. ಎಂ. ಸಿ. ಮೋದಿಯವರು ಊರೂರು ತಿರುಗಿ ಶಿಬಿರಗಳಲ್ಲಿ ಸಾವಿರಾರು ಜನರ ಪೊರೆ ತೆಗೆದ ನಾಡಿನಲ್ಲಿ ಒಂದು ಕನ್ನಡಕಕ್ಕೆ ಮನುಷ್ಯ ಹೆದರಬೇಕಾಗಿ ಬಂದಿದೆ. ಇದು ಖರ್ಚಿನ ಬಾಬೆಂದು ತಿಳಿಯುವವರಿಗೆ ಅಸ್ಸಾಮಿನ ಚಹಾ ತೋಟಗಳ ಸಂಗತಿ ಹೇಳಬೇಕು. ಅಲ್ಲಿ ನಲವತ್ತು ದಾಟಿದ 751 ಕೆಲಸಗಾರರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಹತ್ತಿರ ನೋಡುವ ಸಾದಾ ಕನ್ನಡಕ ಕೊಟ್ಟವರು ಕೊಡದವರಿಗಿಂತ ಶೇಕಡಾ 21ಕ್ಕೂ ಮಿಕ್ಕಿ ಹೆಚ್ಚು ಕೆಲಸ ತೂಗಿಸಿದರು. ಅದು ಎಲೆ ಕೀಳುವವರ ಲೆಕ್ಕ, ಚಾಲಕರದಲ್ಲ. ಆದರೆ ಕಣ್ಣಿಗೆ ಹಾಕಿದ ಹಣ ತೋಟಕ್ಕೆ ವಾಪಸು ಬರುತ್ತದೆ ಎಂಬುದಕ್ಕೆ ಅಷ್ಟು ಸಾಕು.

ಆದುದರಿಂದ ಮುಂದಿನ ಆಡಳಿತ ಮಂಡಳಿ ಸಭೆಯ ಮುಂದೆ ನಾವು ಹೀಗೆಂದು ಇಡಲಿದ್ದೇವೆ. ಪ್ರತಿ ವರ್ಷ ಕೊಯ್ಲಿಗೆ ಮುಂಚೆ ಸಂಘದ ಆವರಣದಲ್ಲಿ ಒಂದು ದಿನ ಕಣ್ಣಿನ ಪರೀಕ್ಷೆ ನಡೆಯಬೇಕು, ಅದು ಸದಸ್ಯರಿಗೂ ಅವರ ಚಾಲಕರಿಗೂ ಒಟ್ಟಿಗೇ ಆಗಬೇಕು. ಚಾಲಕರಿಗೆ ಬೇಕಾದ ದೂರದ ಕನ್ನಡಕದ ಖರ್ಚಿನಲ್ಲಿ ಅರ್ಧವನ್ನು ಸಂಘ, ಅರ್ಧವನ್ನು ತೋಟದ ಮಾಲೀಕರು ಭರಿಸಬೇಕು. ಕನ್ನಡಕ ಬೇಕೆಂದು ಕಂಡುಬಂದ ಕಾರಣಕ್ಕೆ ಯಾವ ಚಾಲಕನನ್ನೂ ಕೆಲಸದಿಂದ ತೆಗೆಯಬಾರದು. ಈ ಕೊನೆಯ ಮಾತಿಗೆ ಕೆಲವರ ವಿರೋಧ ಬರುತ್ತದೆಂದು ನಮಗೆ ಗೊತ್ತಿದೆ. ಆದರೆ ಅದಿಲ್ಲದಿದ್ದರೆ ಪರೀಕ್ಷೆಗೆ ಚಾಲಕರು ಬರುವುದೇ ಇಲ್ಲ, ಬಂದವರೂ ಅಕ್ಷರದ ಬೋರ್ಡನ್ನು ಬಾಯಿಪಾಠ ಮಾಡಿಕೊಂಡು ಬರುತ್ತಾರೆ.

ಸಮ್ಮತಿ ಇರುವವರೂ ಇಲ್ಲದವರೂ ತಮ್ಮ ಅಭಿಪ್ರಾಯವನ್ನು ಸಭೆಗೆ ಮುಂಚೆ ಬರೆದು ಕಚೇರಿಗೆ ತಲುಪಿಸಬೇಕು. ಚಾಲಕರ ಹೆಸರು, ವಯಸ್ಸು, ಈಗ ಕನ್ನಡಕ ಇದೆಯೇ ಇಲ್ಲವೇ ಎಂಬುದನ್ನು ಅದೇ ಕಾಗದದಲ್ಲಿ ತಿಳಿಸಿದರೆ ಎಷ್ಟು ಮಂದಿಗೆ ಏರ್ಪಾಟು ಮಾಡಬೇಕೆಂದು ಲೆಕ್ಕ ಹಾಕಲು ಅನುಕೂಲವಾಗುತ್ತದೆ.